ಸೈನ್ಯದಿಂದ ವೀಲ್‌ಚೇರಿನಲ್ಲಿ ಬರುವ ತಮ್ಮನಿಗೆ ಹಳೆ ಹೆಂಚಿನ ಮನೆ ಸರಿಮಾಡುದಾ, ಹೊಸತು ಕಟ್ಟುದಾ?

ಬೆಳ್ಮಣ್ ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೈನ್ಯದಲ್ಲಿ ನಾಯಕ್. ಗಡಿಯ ಡ್ಯೂಟಿಯಲ್ಲಿದ್ದಾಗ ಗಾಡಿ ಕಮರಿಗೆ ಉರುಳಿ ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದಿಂದ ಕೆಳಗೆ ಚಲನೆ ಇಲ್ಲ, ಮುಟ್ಟಿದ್ದೂ ಗೊತ್ತಾಗುದಿಲ್ಲ. ಕೈಯಲ್ಲಿ ಶಕ್ತಿ ಚೆನ್ನಾಗಿ ಉಂಟು. ಈಗ ಪುಣೆಯಲ್ಲಿದ್ದಾನೆ. ಮೆಡಿಕಲ್ ಬೋರ್ಡ್, ಪೆನ್ಶನ್ ಕಾಗದ ಎಲ್ಲ ಮುಗಿದ ಮೇಲೆ ಊರಿಗೆ ಬರುದು, ಹೆಚ್ಚುಕಡಿಮೆ ದೀಪಾವಳಿ ಹೊತ್ತಿಗೆ.

ನಮ್ಮದು ಅಜ್ಜನ ಕಾಲದ ಕೆಂಪು ಕಲ್ಲಿನ, ಹೆಂಚಿನ ಮನೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಜಗಲಿಯಿಂದ ಚಾವಡಿಗೆ ಇನ್ನೊಂದು, ಮತ್ತೆ ಹೊಸ್ತಿಲು. ಕೋಣೆ ಬಾಗಿಲುಗಳು ಎಲ್ಲ ಸಪೂರ. ಬಚ್ಚಲು, ಕಕ್ಕಸು ಹಿತ್ತಿಲಲ್ಲಿ. ಒಬ್ಬರು ಕಾಂಟ್ರಾಕ್ಟರು ಬಂದು ನೋಡಿ "ಎದುರಿಗೊಂದು ಎಂಟು ಅಡಿ ರ‍್ಯಾಂಪ್ ಹಾಕಿದ್ರೆ ಆಯ್ತು, ಸ್ಕೂಟರೇ ಹತ್ತುತ್ತದೆ" ಅಂದರು. ನನಗೆ ಧೈರ್ಯ ಬರುದಿಲ್ಲ. ಹೊಸ್ತಿಲು ತೆಗೆಯಲಿಕ್ಕೆ ಅಮ್ಮ ಒಪ್ಪುದಿಲ್ಲ. ಭಾವ ಹೇಳುದು, ಹಳೆ ಮನೆಗೆ ದುಡ್ಡು ಸುರಿಯುದಕ್ಕಿಂತ ಪಕ್ಕದ ಜಾಗದಲ್ಲಿ ಸಣ್ಣದೊಂದು ತಾರಸಿ ಮನೆ ಕಟ್ಟುವ ಅಂತ. ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ. ಸರಕಾರದಿಂದ, ಸೈನಿಕ ಬೋರ್ಡಿನಿಂದ ಎಂತಾದ್ರೂ ಸಿಗ್ತದಾ?

ಕಾಪು ಲೈಟ್‌ಹೌಸ್
ಮೊದಲು ಆ ಎಂಟು ಅಡಿ ರ‍್ಯಾಂಪ್ ಬಿಡಿ ಅಕ್ಕ. ಬೇಡವೇ ಬೇಡ.

ಮಣಿಪಾಲ ಥೆರಪಿ
ನಾನು ಆಕ್ಯುಪೇಶನಲ್ ಥೆರಪಿಸ್ಟ್, ಬೆನ್ನುಹುರಿ ಪೆಟ್ಟಿನವರ ಮನೆ ನೋಡ್ಲಿಕ್ಕೆ ಹೋಗುದು ನನ್ನ ಕೆಲಸದ ಭಾಗ. ಲೆಕ್ಕ ಸುಲಭ: ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. 2021ರ ಕೇಂದ್ರ ಸರಕಾರದ ಸಾರ್ವತ್ರಿಕ ಸುಗಮ್ಯತೆಯ ಮಾರ್ಗಸೂಚಿಯಲ್ಲೂ 1:12 ಅಂತಲೇ ಉಂಟು. ನಿಮ್ಮ ಮೂರು ಮೆಟ್ಟಿಲು ಆರಾರು ಇಂಚು ಅಂತ ಹಿಡಿದರೆ 18 ಇಂಚು, ಅಂದ್ರೆ ಜಗಲಿಗೆ ಮಾತ್ರ 18 ಅಡಿ. ಚಾವಡಿ ಮಟ್ಟಕ್ಕೆ 24 ಅಡಿ. ಮೇಲೆ ಬಾಗಿಲ ಎದುರು ಐದು ಅಡಿ ಸಮತಟ್ಟು ಜಾಗ ಬೇಕು, ಇಲ್ಲದಿದ್ರೆ ಬಾಗಿಲು ತೆರೆಯುವಾಗ ಗಾಡಿ ಹಿಂದಕ್ಕೆ ಜಾರ್ತದೆ. ಎಂಟು ಅಡಿಯಲ್ಲಿ 24 ಇಂಚು ಏರಿಸಿದ್ರೆ ಹಿಂದಿನಿಂದ ಇಬ್ಬರು ದೂಡಬೇಕು. ಇಳಿಯುವಾಗ ಕೈ ಜಾರಿದ್ರೆ ನೇರ ಅಂಗಳಕ್ಕೆ.

ಬಾಗಿಲು ತೆರೆದಾಗ ಸಿಗುವ ಅಗಲ 900 ಮಿ.ಮೀ. ಇರಲಿ. ದಾರಂದದ (ಬಾಗಿಲ ಚೌಕಟ್ಟಿನ) ಹೊರಗಿನ ಅಳತೆ ಅಲ್ಲ, ಒಳಗೆ ಸಿಗುವ ಜಾಗ. ವೀಲ್‌ಚೇರ್ ತಿರುಗಿಸಲಿಕ್ಕೆ ಐದು ಅಡಿ ವೃತ್ತದಷ್ಟು ಖಾಲಿ ನೆಲ ಮಲಗುವ ಕೋಣೆಯಲ್ಲೂ ಬೇಕು, ಬಚ್ಚಲಲ್ಲೂ ಬೇಕು.

ಮೇಸ್ತ್ರಿ ಮೂಡುಬಿದಿರೆ
ಮೇಡಂ, ಪುಸ್ತಕದ ಲೆಕ್ಕ ಸರಿ. ಆದ್ರೆ ಹಳ್ಳಿಮನೆಯ ಅಂಗಳದಲ್ಲಿ 24 ಅಡಿ ರ‍್ಯಾಂಪ್ ಹಾಕಿದ್ರೆ ತುಳಸಿಕಟ್ಟೆ ಎಲ್ಲಿಗೆ, ಅಡಕೆ ಒಣಗಿಸುದೆಲ್ಲಿ? 1:8 ಹಾಕಿದ ಮನೆಗಳು ಎಷ್ಟೋ ಉಂಟು, ಜನ ಹೋಗ್ತಾರೆ ಬರ್ತಾರೆ.

ಮಣಿಪಾಲ ಥೆರಪಿ
ಹೋಗ್ತಾರೆ, ಯಾರಾದ್ರೂ ದೂಡಿದ್ರೆ. ಯಾರೂ ದೂಡದೆ ಹೋಗ್ಲಿಕ್ಕೆ ಆಗ್ತದಾ ಅನ್ನುದು ಪ್ರಶ್ನೆ. 24 ಅಡಿ ನೇರವಾಗಿಯೇ ಇರಬೇಕಂತ ಇಲ್ಲ, ಮನೆಯ ಬದಿಯ ಗೋಡೆಗೆ ತಾಗಿಸಿಕೊಂಡು ಒಮ್ಮೆ ತಿರುಗಿಸಿ ತರಬಹುದು. ತಿರುವಿನಲ್ಲಿ ಐದಕ್ಕೆ ಐದು ಅಡಿ ಸಮತಟ್ಟು. ಅಂಗಳ ಹಾಗೇ ಉಳಿತದೆ.

ಗಾಲಿಯ ಮೇಲೆ, ಸುರತ್ಕಲ್
ನಾನು ವಾಯುಪಡೆಯಲ್ಲಿದ್ದವ. ತುಂಬ ವರ್ಷದಿಂದ ವೀಲ್‌ಚೇರಿನಲ್ಲಿದ್ದೇನೆ, ನಿಮ್ಮ ತಮ್ಮನ ಹಾಗೇ ಸೊಂಟದ ಕೆಳಗೆ. ರ‍್ಯಾಂಪ್ ವಿಷಯ ಥೆರಪಿಯವರು ಹೇಳಿದ್ದು ನೂರಕ್ಕೆ ನೂರು. ಆದ್ರೆ ಅಕ್ಕ, ಇಲ್ಲಿ ಎಲ್ಲರೂ ರ‍್ಯಾಂಪ್ ರ‍್ಯಾಂಪ್ ಅಂತಾರೆ, ದಿನಕ್ಕೆ ನಾಲ್ಕು ಸಲ ಬೇಕಾಗುದು ಬಚ್ಚಲು. ಒಬ್ಬ ಗಂಡಸು ಯಾರನ್ನೂ ಕರೆಯದೆ ಸ್ನಾನ, ಶೌಚ ಮುಗಿಸಿ ಬಾಗಿಲು ಹಾಕಿಕೊಂಡು ಒಳಗೆ ಇರ್ಲಿಕ್ಕೆ ಆಗಬೇಕು. ಅದಾದ್ರೆ ಅರ್ಧ ಮನೆ ಕಟ್ಟಿದ ಹಾಗೆ.

ನಮಗೆ ಬಿಸಿ ಗೊತ್ತಾಗುದಿಲ್ಲ. ಹಂಡೆಯ ನೀರು ಕಾಲಿಗೆ ಬಿದ್ದು ಚರ್ಮ ಸುಲಿದು ಬಂದರೂ ಗೊತ್ತಾಗುದಿಲ್ಲ, ಕಣ್ಣಿಗೆ ಕಂಡಾಗಲೇ ತಿಳಿಯುದು. ಆದ್ದರಿಂದ ಒಲೆ, ಹಂಡೆ ಆ ಕೋಣೆಯಲ್ಲಿ ಇಡಲೇಬೇಡಿ. ಗೀಸರ್ ಹಾಕಿ, ಉಷ್ಣತೆ ಕಡಿಮೆಗೆ ಕಟ್ಟಿಡಿ, ಮಿಕ್ಸರ್ ನಳ್ಳಿ ಇರಲಿ, ಮೊದಲು ಕೈಯಲ್ಲಿ ಮುಟ್ಟಿ ನೋಡುವ ಅಭ್ಯಾಸ ಮಾಡಿಸಿ. ಬೇಸಿನ್ ಕೆಳಗೆ ಕಾಲು ಹೋಗುವ ಹಾಗೆ ಖಾಲಿ ಬಿಡಿ, ಆದ್ರೆ ಅಲ್ಲಿ ಬಿಸಿನೀರಿನ ಪೈಪ್ ಬಂದ್ರೆ ಹೊದಿಕೆ ಸುತ್ತಿಸಿ. ಮೊಣಕಾಲು ತಾಗಿ ಸುಟ್ಟರೆ ಅದು ಒಣಗ್ಲಿಕ್ಕೆ ತಿಂಗಳುಗಟ್ಟಲೆ.

ಇನ್ನೊಂದು. ತಮ್ಮನನ್ನು ಕೇಳಿದ್ರಾ?

ಬೆಳ್ಮಣ್ ಅಕ್ಕ
ಕೇಳಿದೆ ಸರ್. "ನೀವು ಎಂತ ಮಾಡಿದ್ರೂ ಸರಿ ಅಕ್ಕ" ಅಂತಾನೆ. ಜಾಸ್ತಿ ಮಾತಾಡುದಿಲ್ಲ.

ಗಾಲಿಯ ಮೇಲೆ, ಸುರತ್ಕಲ್
ಆಸ್ಪತ್ರೆಯ ಹಾಸಿಗೆಯಲ್ಲಿ ಇರುವಾಗ ಎಲ್ಲರೂ ಹಾಗೆಯೇ ಹೇಳುದು. "ಎಂತ ಬೇಕು" ಅಂತ ಕೇಳಬೇಡಿ. "ನಿನ್ನ ಕುರ್ಚಿಯ ಅಗಲ ಎಷ್ಟು, ಕುಶನ್ ಹಾಕಿ ಕೂತಾಗ ನೆಲದಿಂದ ಎತ್ತರ ಎಷ್ಟು, ಹಾಸಿಗೆಯಿಂದ ಕುರ್ಚಿಗೆ ಎಡಗಡೆಯಿಂದ ದಾಟ್ತೀಯಾ ಬಲಗಡೆಯಿಂದಾ" ಅಂತ ಕೇಳಿ. ಅಳತೆ ಕೇಳಿದ್ರೆ ಮನುಷ್ಯ ಮಾತಾಡ್ತಾನೆ. ಕಮೋಡಿನ ಎತ್ತರವೂ ಮಂಚದ ಎತ್ತರವೂ ಕುರ್ಚಿಯ ಸೀಟಿನ ಮಟ್ಟಕ್ಕೇ ಬರಬೇಕು. ಎರಡು ಇಂಚು ಮೇಲೆ ಕೆಳಗೆ ಆದ್ರೂ ದಿನವಿಡೀ ಭುಜಕ್ಕೆ ಪೆಟ್ಟು. ನಮಗೆ ಭುಜವೇ ಕಾಲು.

ನಿವೃತ್ತ ಸುಬೇದಾರ್, ಕದ್ರಿ
ಅಮ್ಮಾ, ಹಣದ ವಿಷಯ ಕೇಳಿದ್ದೀರಿ, ನನಗೆ ಗೊತ್ತಿದ್ದದ್ದು ಹೇಳ್ತೇನೆ. ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಮೊದಲು ಹೋಗಿ. ಕೇಂದ್ರೀಯ ಸೈನಿಕ ಬೋರ್ಡಿನಿಂದ ಯುದ್ಧದಲ್ಲಿ ಗಾಯಗೊಂಡವರಿಗೂ, ಶಾಂತಿ ಕಾಲದಲ್ಲಿ ಸೇವೆಯ ಕಾರಣಕ್ಕೇ ಗಾಯಗೊಂಡವರಿಗೂ ಮನೆ ಕಟ್ಟುವ ಬ್ಯಾಂಕ್ ಸಾಲದ ಬಡ್ಡಿಯಲ್ಲಿ ಅರ್ಧ ಭಾಗ ಹಿಂದೆ ಕೊಡುವ ಯೋಜನೆ ಉಂಟು, ಒಂದು ಲಕ್ಷದ ಮಿತಿಯಲ್ಲಿ. ಸಾಲ ತೆಗೆಯುವ ಮೊದಲೇ ಕಾಗದಪತ್ರ ಕೇಳಿಕೊಳ್ಳಿ.

ಅದಕ್ಕಿಂತ ಮುಖ್ಯ ಮೆಡಿಕಲ್ ಬೋರ್ಡಿನ ಕಾಗದದಲ್ಲಿ ಎಂತ ಬರೆದಿದ್ದಾರೆ ಅನ್ನುದು. ಪೆಟ್ಟು ಸೇವೆಯಿಂದಲೇ ಆದದ್ದು ಅಂತ ಬಂದಿದೆಯಾ ನೋಡಿ. ಅಂಗವೈಕಲ್ಯ 100 ಶೇಕಡಾ ಅಂತಾದ್ರೆ, ನೋಡಿಕೊಳ್ಳಲಿಕ್ಕೆ ಜನ ಬೇಕು ಅಂತ ಬೋರ್ಡು ಬರೆದ್ರೆ, ಪೆನ್ಶನ್ ಜೊತೆ ಸಹಾಯಕರ ಭತ್ಯೆ ಬೇರೆ ಸಿಗ್ತದೆ. ಆ ಸಾಲು ಬಿಟ್ಟುಹೋದ್ರೆ ಮತ್ತೆ ಸರಿಮಾಡಿಸಲಿಕ್ಕೆ ವರ್ಷಗಟ್ಟಲೆ ಓಡಾಟ. ಇಸಿಎಚ್‌ಎಸ್ ಕಾರ್ಡು, ಅಂದ್ರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯದ್ದು, ಔಷಧಿಗೆ, ಚಿಕಿತ್ಸೆಗೆ, ಗಾಲಿಕುರ್ಚಿಗೆ. ಸಿಮೆಂಟಿಗೆ, ಜಲ್ಲಿಗೆ ಅದರಿಂದ ಬರುದಿಲ್ಲ.

ಮತ್ತೆ ಸೇನೆಯ ಗುಂಪು ವಿಮೆಯಿಂದ ಅಂಗವೈಕಲ್ಯದ ಮೊತ್ತ ಒಮ್ಮೆಗೇ ಬರ್ತದೆ. ಅದನ್ನೆಲ್ಲ ತಾರಸಿಗೆ ಹಾಕಬೇಡಿ. ಅದು ಅವನ ಮುಂದಿನ ನಲ್ವತ್ತು ವರ್ಷದ ಹಣ.

ಡೆಟ್ರಾಯಿಟ್ ಕಾರ್ಕಳದವ
ಓದಿ ಬೇಸರ ಆಯ್ತು. ಇಲ್ಲಿ ಅಮೆರಿಕದಲ್ಲಿ ಗಾಯಗೊಂಡ ಸೈನಿಕನ ಮನೆ ಬದಲಾಯಿಸಲಿಕ್ಕೆ ಸರಕಾರವೇ ಅನುದಾನ ಕೊಡ್ತದೆ, ಸಾಲ ಅಲ್ಲ. 1948ರಿಂದ ಆ ಕಾನೂನು ಉಂಟು, ಎರಡನೇ ಮಹಾಯುದ್ಧದಿಂದ ಬೆನ್ನುಹುರಿ ಪೆಟ್ಟಾಗಿ ಬಂದವರಿಗೋಸ್ಕರ ಮಾಡಿದ್ದು. ಅದರ ಮೇಲೆ 2004ರಲ್ಲಿ ಮಸಾಚುಸೆಟ್ಸ್‌ನಲ್ಲಿ ಶುರುವಾದ ಹೋಮ್ಸ್ ಫಾರ್ ಅವರ್ ಟ್ರೂಪ್ಸ್ ಅನ್ನುವ ಸಂಸ್ಥೆ ದಾನಿಗಳ ಹಣದಲ್ಲಿ ಪೂರ್ತಿ ಮನೆಯನ್ನೇ ಕಟ್ಟಿಕೊಡ್ತದೆ. ಅಗಲದ ಬಾಗಿಲು, ಕೆಳಕ್ಕೆ ಎಳೆದುಕೊಳ್ಳುವ ಕಪಾಟು, ಕುರ್ಚಿಯಲ್ಲೇ ಒಳಹೋಗುವ ಶವರ್, ಕೆಳಗೆ ಮೊಣಕಾಲು ಹೋಗುವ ಒಲೆಕಟ್ಟೆ. ನಮ್ಮಲ್ಲಿ ಯಾಕೆ ಆಗುದಿಲ್ಲ?

ನಿವೃತ್ತ ಸುಬೇದಾರ್, ಕದ್ರಿ
ನಮ್ಮಲ್ಲಿ ಎಂತವೂ ಇಲ್ಲ ಅನ್ನಬೇಡಿ. ಪುಣೆಯ ಖಡ್ಕಿಯಲ್ಲಿ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಉಂಟು, 1917ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮತ್ತೆ ಇಲ್ಲಿಗೆ ಬಂದದ್ದು, ಗಾಯಗೊಂಡ ಸೈನಿಕರಿಗೆ ಕೆಲಸ ಕಲಿಸುದು. ಕೃತಕ ಅಂಗ ಕೇಂದ್ರ 1944ರದ್ದು. ಬೆನ್ನುಹುರಿ ಪೆಟ್ಟಿನವರಿಗೆ ಖಡ್ಕಿಯಲ್ಲಿ, ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳು 70ರ ದಶಕದಿಂದ ನಡೀತಾ ಉಂಟು. 65ರ ಯುದ್ಧದಲ್ಲಿ ಬೆನ್ನಿಗೆ ಗುಂಡು ಬಿದ್ದ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು. ಸೈನ್ಯದಲ್ಲಿ ಬೆಳೆದವರೇ.

ಡೆಟ್ರಾಯಿಟ್ ಕಾರ್ಕಳದವ
ಸರ್, ಗೌರವದಿಂದ ಕೇಳ್ತೇನೆ. ಅದೆಲ್ಲ ಕೇಂದ್ರಗಳು. ಅಲ್ಲಿ ಎಲ್ಲ ಸೌಕರ್ಯ ಇದ್ದು, ಊರಿಗೆ ಬಂದ ದಿನ ಮೂರು ಮೆಟ್ಟಿಲ ಎದುರು ನಿಂತರೆ? ಈ ಅಕ್ಕ ಕೇಳ್ತಾ ಇರುದು ಮನೆಯ ವಿಷಯ.

ಗಾಲಿಯ ಮೇಲೆ, ಸುರತ್ಕಲ್
ಅವರು ಹೇಳಿದ್ದು ಸರಿ ಸುಬೇದಾರ್ ಸಾಹೇಬ್ರೇ. ಖಡ್ಕಿಯಲ್ಲಿ ನಾನೂ ಕೆಲವು ಸಮಯ ಇದ್ದೆ. ಅಲ್ಲಿಯ ನೆಲದಲ್ಲಿ ಗಾಲಿ ತಾನಾಗಿ ಓಡ್ತದೆ, ಬಾಸ್ಕೆಟ್‌ಬಾಲ್ ಆಡಿದ್ದೇನೆ. ಊರಿಗೆ ಬಂದ ಮೇಲೆ ಚಾವಡಿಯಿಂದ ಅಂಗಳಕ್ಕೆ ಇಳಿಯಲಿಕ್ಕೆ ಜನ ಬರುವ ತನಕ ಕಾಯಬೇಕಾಯ್ತು. ಕಲಿತದ್ದೆಲ್ಲ ಹೊಸ್ತಿಲಲ್ಲಿ ನಿಂತುಹೋಯ್ತು. ಮನೆಗೆ ಅಂತಲೇ ಅನುದಾನ ಬೇಕು, ಬಡ್ಡಿಯಲ್ಲಿ ರಿಯಾಯಿತಿ ಸಾಕಾಗುದಿಲ್ಲ.

ಸಿಆರ್‌ಪಿಎಫ್ ಮನೆಯವಳು
ನಮ್ಮವರು ಸಿಆರ್‌ಪಿಎಫ್. ನಕ್ಸಲರ ನೆಲಬಾಂಬಿನಲ್ಲಿ ಎರಡೂ ಕಾಲಿಗೆ ಪೆಟ್ಟು. ನೀವು ಹೇಳಿದ ಇಸಿಎಚ್‌ಎಸ್ ಆಗಲಿ ಸೈನಿಕ ಬೋರ್ಡಿನ ಯೋಜನೆ ಆಗಲಿ ನಮಗೆ ಅನ್ವಯ ಆಗುದಿಲ್ಲ, ನಮ್ಮದು ಗೃಹ ಇಲಾಖೆ. ಪೆಟ್ಟು ಒಂದೇ ಅಲ್ವಾ? ಇದನ್ನೂ ಯಾರಾದ್ರೂ ಹೇಳಬೇಕು.

ನಿವೃತ್ತ ಸುಬೇದಾರ್, ಕದ್ರಿ
ಖಂಡಿತ ಹೇಳಬೇಕು ತಂಗಿ. ನಿಯಮ ಬೇರೆ ಇರುದು ನಿಜ, ಅದು ನ್ಯಾಯ ಅಂತ ನಾನು ಹೇಳುದಿಲ್ಲ. ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿದ್ದೀರಾ? ಅದಕ್ಕೆ ಸೈನ್ಯ, ಅರೆಸೈನ್ಯ ಅಂತ ಭೇದ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಇರುವ ಯಾರಿಗೂ ಅನ್ವಯ ಆಗ್ತದೆ.

ಕಾಪು ಲೈಟ್‌ಹೌಸ್
ಅದರ ಜೊತೆ ನಿಮ್ಮ ಗ್ರಾಮ ಪಂಚಾಯತಿನ ವಿಆರ್‌ಡಬ್ಲ್ಯು, ಅಂದ್ರೆ ಪುನರ್ವಸತಿ ಕಾರ್ಯಕರ್ತರನ್ನು ಹಿಡೀರಿ. ಪಂಚಾಯತಿನ ಸ್ವಂತ ಹಣದಲ್ಲಿ ಶೇ. 5 ಅಂಗವಿಕಲರಿಗೆ ಮೀಸಲು. ನಮ್ಮ ಕಡೆ ಅದರಲ್ಲಿ ಮನೆ ತನಕದ ಕಾಲುದಾರಿಗೆ ಕಾಂಕ್ರೀಟ್ ಹಾಕಿಸಿದ್ದುಂಟು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು, ಸುಮ್ಮನೆ ಕೂತರೆ ಆಗುದಿಲ್ಲ.

ಮೈನ್‌ಫೀಲ್ಡ್ 2002
ಸ್ವಲ್ಪ ಬೇರೆ ಮಾತು. ನನ್ನದು ಆಪರೇಷನ್ ಪರಾಕ್ರಮದ, ಅಂದ್ರೆ 2001-02ರಲ್ಲಿ ಪಾಕಿಸ್ತಾನದ ಗಡಿಗೆ ಸೈನ್ಯ ಕಳಿಸಿದ ಸಮಯದ ಮೈನ್ (ನೆಲಬಾಂಬು) ಪೆಟ್ಟು, ಬಲಗಾಲು ಮೊಣಕಾಲಿನ ಮೇಲಿನಿಂದ ಇಲ್ಲ. ಪುಣೆಯ ಕೃತಕ ಕಾಲು ಹಾಕ್ತೇನೆ. ಇಲ್ಲಿ ಓದುವವರಲ್ಲಿ ನನ್ನ ಹಾಗಿನವರ ಮನೆಯವರೂ ಇರಬಹುದು, ಅವರು ಈ ರ‍್ಯಾಂಪ್ ಚರ್ಚೆ ನೋಡಿ ನಾಳೆ ಮೆಟ್ಟಿಲು ಒಡೆಯಬೇಡಿ. ಕೃತಕ ಕಾಲಿನವನಿಗೆ ಇಳಿಜಾರು ಇಳಿಯುದು ಮೆಟ್ಟಿಲಿಗಿಂತ ಕಷ್ಟ, ಮೊಣಕಾಲು ಮಡಚಿಹೋಗ್ತದೆ. ನನಗೆ ಬೇಕಾದ್ದು ಕಡಿಮೆ ಎತ್ತರದ ಅಗಲದ ಮೆಟ್ಟಿಲು, ಎರಡೂ ಬದಿ ಹಿಡಿಕೆ.

ಇನ್ನು ರಾತ್ರಿ. ಕಾಲು ಕಳಚಿಟ್ಟು ಮಲಗಿದ ಮೇಲೆ ಬಚ್ಚಲಿಗೆ ಹೋಗಬೇಕಾದ್ರೆ ಮತ್ತೆ ಕಟ್ಟಿಕೊಳ್ಳುವ ತಾಳ್ಮೆ ಯಾರಿಗೂ ಇರುದಿಲ್ಲ, ಒಂದೇ ಕಾಲಲ್ಲಿ ಕುಪ್ಪಳಿಸಿಯೇ ಹೋಗುದು. ಬೀಳುದೂ ಆಗಲೇ. ಮಂಚದಿಂದ ಬಚ್ಚಲ ತನಕ ಗೋಡೆಗೆ ಹಿಡಿಕೆ, ಕೆಳಗೆ ಸಣ್ಣ ದೀಪ, ಒರಟು ಟೈಲ್ಸ್. ನಮ್ಮ ಕಡೆಯ ಕೆಂಪು ಗಾರೆ ನೆಲ ಚಂದವೇ, ನೀರು ಬಿದ್ದರೆ ಕಾಲು ನಿಲ್ಲುದಿಲ್ಲ.

ಮಣಿಪಾಲ ಥೆರಪಿ
ಬಹಳ ಒಳ್ಳೆಯ ಮಾತು ಸರ್. ಕಣ್ಣು ಹೋದವರದ್ದು ಇನ್ನೂ ಬೇರೆ: ಅವರಿಗೆ ಅಗಲ ಬೇಡ, ವಸ್ತುಗಳು ಇದ್ದಲ್ಲೇ ಇರಬೇಕು, ಅರ್ಧ ತೆರೆದ ಬಾಗಿಲು ಇರಬಾರದು. ಒಂದೇ ನಕ್ಷೆ ಎಲ್ಲರಿಗೂ ಆಗುದಿಲ್ಲ.

ಮೇಸ್ತ್ರಿ ಮೂಡುಬಿದಿರೆ
ಹಿಡಿಕೆಯ ವಿಷಯ ಬಂತಲ್ಲ, ಅದರಲ್ಲಿ ನನ್ನ ಅನುಭವ ಕೇಳಿ. ಕೆಂಪು ಕಲ್ಲಿನ ಗೋಡೆಗೆ ಡ್ರಿಲ್ ಹಾಕಿ ಫಾಸ್ಟ್‌ನರ್ ಬಿಗಿದ್ರೆ ಮೊದಲ ತಿಂಗಳು ಗಟ್ಟಿ ಕಾಣ್ತದೆ. ಆಳು ಪೂರಾ ಭಾರ ಹಾಕಿದ ದಿನ ಕಲ್ಲಿನ ಪುಡಿ ಸಮೇತ ಹೊರಗೆ ಬರ್ತದೆ. ಎರಡು ದಾರಿ: ಗೋಡೆಯ ಆ ಕಡೆ ತನಕ ತೂತು ಕೊರೆದು ಉದ್ದ ಬೋಲ್ಟ್ ಹಾಕಿ ಹಿಂದಿನಿಂದ ಕಬ್ಬಿಣದ ಪ್ಲೇಟ್ ಕೊಡುದು, ಇಲ್ಲವೇ ಆ ಜಾಗದ ಕಲ್ಲು ತೆಗೆದು ಕಾಂಕ್ರೀಟ್ ತುಂಬಿಸುದು. ಟೈಲ್ಸ್ ಹಾಕುವ ಮೊದಲೇ ಹೇಳಬೇಕು. ಎಲ್ಲ ಮುಗಿದ ಮೇಲೆ ಕರೆದು "ಒಂದು ರಾಡ್ ಹಾಕಿ ಮಾರಾಯ್ರೆ" ಅಂದ್ರೆ ನಾವು ಎಂತ ಮಾಡುದು?

ಕುಂದಾಪ್ರದ ಮಾಣಿ
ಹ್ವಾಯ್ ಅಕ್ಕ, ಮಳಿಗಾಲದ್ ವಿಷ್ಯ ಯಾರೂ ಹೇಳ್ಲಿಲ್ಲೆ. ನಮ್ ಬದಿಯಂಗೆ ಅಂಗಳಕ್ಕೆ ಅಡ್ಕಿ ಮರದ್ ಸಲಾಕಿ (ಸೀಳ್) ಹಾಕ್ತ್ರಲ್ದಾ, ಅದ್ರ ಮೇಲೆ ಗಾಲಿ ಹೋತಿಲ್ಲೆ. ಇಂಟರ್‌ಲಾಕ್ ಹಾಕ್ರೂ ಹಾವ್ಸಿ ಹಿಡಿತ್ತ್. ಕಾಂಕ್ರೀಟ್ ಹಾಕಿ, ಹಸಿ ಇಪ್ಪತ್ತಿಗೇ ಅಡ್ಡಕ್ಕೆ ಬ್ರಶ್ ಎಳ್ಸಿ, ಒರಟ್ ಆಯಿ ಇರ್ಲಿ.

ಮೇಸ್ತ್ರಿ ಮೂಡುಬಿದಿರೆ
ಸರಿ ಹೇಳಿದ್ರಿ. ರ‍್ಯಾಂಪಿಗೂ ಹಾಗೆಯೇ, ಮೇಲೆ ಶೀಟಿನ ಮಾಡು (ಚಾವಣಿ) ಬೇಕೇ ಬೇಕು. ಎರಡು ಬದಿ ನಾಲ್ಕು ಇಂಚು ಕಟ್ಟೆ ಎಬ್ಬಿಸಿದ್ರೆ ಮುಂದಿನ ಚಿಕ್ಕ ಗಾಲಿ ಹೊರಗೆ ಹಾರುದಿಲ್ಲ, ಆದ್ರೆ ನೀರು ನಿಲ್ಲದ ಹಾಗೆ ಅಲ್ಲಲ್ಲಿ ತೂತು ಬಿಡಬೇಕು.

ಗಾಲಿಯ ಮೇಲೆ, ಸುರತ್ಕಲ್
ಸಮುದ್ರದ ಹತ್ತಿರ ಇರುವವರು ಕಬ್ಬಿಣದ ವೀಲ್‌ಚೇರ್ ತೆಗೆದುಕೊಳ್ಳಬೇಡಿ, ಉಪ್ಪುಗಾಳಿಗೆ ತುಕ್ಕು ಹಿಡೀತದೆ. ಅಲ್ಯೂಮಿನಿಯಂ ಆಗಬೇಕು. ಕುಶನ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಮಳೆಯಲ್ಲಿ ಒದ್ದೆಯಾದ ಕುಶನ್ ಮೇಲೆ ಕೂತರೆ ಬೆಡ್‌ಸೋರ್ ಗ್ಯಾರಂಟಿ. ಏರ್‌ಬೆಡ್ ಇದ್ರೆ ಇನ್ವರ್ಟರ್ ಕಡ್ಡಾಯ, ಜೂನ್ ಜುಲೈಯಲ್ಲಿ ಕರೆಂಟು ಹೋದ್ರೆ ಯಾವಾಗ ಬರ್ತದೆ ಅಂತ ಎಲ್ಲರಿಗೂ ಗೊತ್ತುಂಟು.

ಬಿಜೈ ಫ್ಲ್ಯಾಟ್
ಸೆಖೆ ವಿಷಯವೂ ನೋಡಿ. ನಮ್ಮ ಮಾವನಿಗೆ ಕುತ್ತಿಗೆ ಹತ್ತಿರ ಪೆಟ್ಟಾದ ಮೇಲೆ ಮೈ ಬೆವರುದೇ ಇಲ್ಲ, ಏಪ್ರಿಲಿನಲ್ಲಿ ಜ್ವರ ಬಂದ ಹಾಗೆ ಮೈ ಕಾಯ್ತದೆ. ತಾರಸಿ ಮನೆಗಿಂತ ನಿಮ್ಮ ಹೆಂಚಿನ ಮನೆ ತಂಪು. ನಾವು ಫ್ಲ್ಯಾಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಲಿಫ್ಟ್ ಉಂಟು, ಲಿಫ್ಟಿಗೆ ಹೋಗ್ಲಿಕ್ಕೆ ನಾಲ್ಕು ಮೆಟ್ಟಿಲು. ರ‍್ಯಾಂಪ್ ಕೇಳಿದ್ರೆ "ಕಾರು ಪಾರ್ಕಿಂಗ್ ಹೋಗ್ತದೆ" ಅಂತ ಉತ್ತರ. ಒಬ್ಬ ಸೈನಿಕನಿಗೆ ಆಗಸ್ಟ್ 15ಕ್ಕೆ ಶಾಲು ಹೊದಿಸಲಿಕ್ಕೆ ಮಾತ್ರ ಎಲ್ಲರೂ ಬರ್ತಾರೆ.

ಕಾಪು ಲೈಟ್‌ಹೌಸ್
ಶಾಲಿನ ಕಾರ್ಯಕ್ರಮದ ಸ್ಟೇಜಿಗೂ ಮೆಟ್ಟಿಲು ಇರ್ತದೆ. ನಮ್ಮೂರಲ್ಲಿ ಸನ್ಮಾನಕ್ಕೆ ಕರೆದು ಕುರ್ಚಿ ಸಮೇತ ನಾಲ್ಕು ಜನ ಎತ್ತಿದ್ದು ನೋಡಿದ್ದೇನೆ, ಆ ಮನುಷ್ಯನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಸಂಘದವರು ಯಾರಾದ್ರೂ ಓದ್ತಾ ಇದ್ರೆ ಸನ್ಮಾನ ಕೆಳಗೆ ನೆಲದಲ್ಲೇ ಮಾಡಿ.

ನೇಜಿಯಮ್ಮ
ಹೊಸ್ತಿಲ ವಿಷಯ ಯಾರೂ ಉತ್ತರ ಕೊಡ್ಲಿಲ್ಲ ಅಲ್ವಾ. ನಮ್ಮಲ್ಲಿ ಅತ್ತೆಗೂ ಇದೇ ಹಠ ಇತ್ತು. ಅದೇ ಮರದ ಹೊಸ್ತಿಲನ್ನು ನೆಲದ ಮಟ್ಟಕ್ಕೆ ಇಳಿಸಿ ಕೂರಿಸಿದೆವು. ರಂಗೋಲಿ, ಅರಸಿನ ಕುಂಕುಮ ಈಗಲೂ ಅಲ್ಲೇ. ಅಮ್ಮನ ಹತ್ತಿರ "ತೆಗೆಯುದಲ್ಲ, ಇಳಿಸುದು" ಅಂತ ಹೇಳಿ. ಆದ್ರೆ ಮಳೆನೀರು ಒಳಬಾರದ ಹಾಗೆ ಬಾಗಿಲ ಹೊರಗೆ ಜಾಲರಿ ಇಟ್ಟ ಸಣ್ಣ ಚರಂಡಿ ಮಾಡಿಸಿ.

ಬೆಳ್ಮಣ್ ಅಕ್ಕ
ನೇಜಿಯಮ್ಮ, ನಿಮಗೆ ದೊಡ್ಡ ಉಪಕಾರ. ಅಮ್ಮನಿಗೆ ಓದಿ ಹೇಳಿದೆ, ಇಳಿಸುದಾದ್ರೆ ಅಡ್ಡಿಯಿಲ್ಲ, ಭಟ್ರ ಹತ್ತಿರ ಒಳ್ಳೆ ದಿನ ಕೇಳುವ ಅಂದರು.

ಗಾಲಿಯ ಮೇಲೆ ಸರ್ ಹೇಳಿದ ಹಾಗೆ ತಮ್ಮನ ಹತ್ತಿರ ಅಳತೆ ಕೇಳಿದೆ. ತುಂಬ ಹೊತ್ತು ಮಾತಾಡಿದ. ಹೊಸ ಮನೆ ಬೇಡವಂತೆ, ಪಕ್ಕದ ಜಾಗದಲ್ಲಿ ಬೇರೆ ಇದ್ರೆ ಎಲ್ಲರಿಂದ ದೂರ ಇಟ್ಟ ಹಾಗೆ ಆಗ್ತದಂತೆ. ಚಾವಡಿಯ ಪಕ್ಕದ ಕೋಣೆ ಅವನಿಗೆ, ಅದಕ್ಕೆ ತಾಗಿ ಹೊಸ ಬಚ್ಚಲು. ರ‍್ಯಾಂಪ್ ಮಾತ್ರ ಎದುರಿಗೆ ಬೇಡ, ಪಶ್ಚಿಮದ ಬದಿಗೆ, ರಸ್ತೆಯ ಕಡೆಗೆ ಬೇಕು ಅಂದ. ಬಂದ ಮೇಲೆ ಗಾಡಿ ಬಿಡಬೇಕಂತೆ, ಪೇಟೆಗೆ ಒಬ್ಬನೇ ಹೋಗಬೇಕಂತೆ. ಐಐಟಿ ಮದ್ರಾಸಿನಲ್ಲಿ ರೂಪಿಸಿದ ನಿಯೊಬೋಲ್ಟ್ ಅಂತ, ವೀಲ್‌ಚೇರಿನ ಎದುರಿಗೆ ಸಿಕ್ಕಿಸುವ ಬ್ಯಾಟರಿ ಗಾಡಿಯ ವೀಡಿಯೊ ಕಳಿಸಿದ್ದಾನೆ. ಅದಕ್ಕೆ ರ‍್ಯಾಂಪ್ ಸಾಕಾಗ್ತದಾ?

ಗಾಲಿಯ ಮೇಲೆ, ಸುರತ್ಕಲ್
ಸಾಕಾಗ್ತದೆ. ಆದ್ರೆ ಮೇಲೆ ಐದು ಅಡಿ ಸಾಲದು, ಅದನ್ನು ಸಿಕ್ಕಿಸಿದಾಗ ಗಾಡಿ ಉದ್ದ ಆಗ್ತದೆ, ಏಳು ಅಡಿ ಬಿಡಿ. ತಿರುವಿನಲ್ಲೂ ಹಾಗೆಯೇ. ಚಾರ್ಜಿಗೆ ಅಲ್ಲೇ ಒಂದು ಪ್ಲಗ್, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ, ಮಳೆ ತಾಗದ ಬದಿ.

ಮೇಸ್ತ್ರಿ ಮೂಡುಬಿದಿರೆ
ಪಶ್ಚಿಮ ಅಂದ್ರೆ ಮಳೆ ಹೊಡೆಯುವ ಬದಿ ಅಕ್ಕ. ಮಾಡು ರ‍್ಯಾಂಪಿಗಿಂತ ಎರಡಡಿ ಹೊರಗೆ ಬರಲಿ, ಬದಿಗೂ ಅರ್ಧ ಶೀಟ್ ಬೇಕು. ಆ ಗೋಡೆಯಲ್ಲಿ ಹೊಸ ಬಾಗಿಲು ತೆಗೆಯುದಾದ್ರೆ ಮೇಲೆ ಮಾಡಿನ ತೊಲೆ ಎಲ್ಲಿ ಕೂತಿದೆ ಅಂತ ಮೊದಲು ನೋಡಬೇಕು, ತೊಲೆಯ ಕೆಳಗೆಯೇ ಕಲ್ಲು ತೆಗೆದ್ರೆ ಹೆಂಚು ಸಮೇತ ಕೂರ್ತದೆ. ಗೋಡೆಯ ಒಳಗಿನಿಂದ, ಹೊರಗಿನಿಂದ ಫೋಟೋ ಹಾಕಿ. ಬಾಗಿಲ ಮೇಲೆ ಭಾರ ಹೊರುವ ಲಿಂಟಲ್ ಎಷ್ಟು ದಪ್ಪ ಬೇಕು ಅಂತ ಹೇಳ್ತೇನೆ.

ಮಣಿಪಾಲ ಥೆರಪಿ
ಫೋಟೋದಲ್ಲಿ ಒಂದು ಅಳತೆ ಟೇಪ್ ಹಿಡಿದಿರಲಿ. ಬಚ್ಚಲಿನ ನಕ್ಷೆ ತಮ್ಮನಿಗೂ ಕಳಿಸಿ, ಪುಣೆಯಲ್ಲಿರುವಾಗಲೇ ನೆಲದಲ್ಲಿ ಚಾಕ್‌ಪೀಸಿನಲ್ಲಿ ಬರೆದು ಕುರ್ಚಿ ತಿರುಗಿಸಿ ನೋಡಲಿ. ಅಲ್ಲಿಯ ಥೆರಪಿಸ್ಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆ ಮೇಲೆ ಬಚ್ಚಲಿನ ಪಂಚಾಂಗ (ಅಡಿಪಾಯ) ಹಾಕಿಸಿ.